ಉಡಿಗೆ ಬಿದ್ದ ಕಂಪನಿ ರೊಕ್ಕ

ಅವತ್ತು ಬೆಳಗಿನಿಂದ ಆದ ಕೆಲಸ: ಬಚ್ಚಲ ಒಲೆಗೆ ಉರಿ ಹಾಕಿದ್ದು, ಅಂಗಳ ಸಾರಿಸಿ ರಂಗೋಲಿ ಎಳೆದದ್ದು, ಮಾವನವರ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು, ಮಕ್ಕಳನ್ನು ಸಾಲಿಗೆ ಕಳಿಸಿದ್ದು, ಜೋಳ ಹಸನು ಮಾಡಿದ್ದು, ಮಜ್ಜಿಗೆ ಕಡೆದದ್ದು. ಆಮೇಲೆ ನಮ್ಮವರ ಹಳೇ ಅಂಗಿಯ ಸವೆದ ಕಾಲರು ಬಿಚ್ಚಿ, ತಿರುವಿ ಹಾಕಿ ಹೊಲಿಯುತ್ತ ಕೂತಿದ್ದೆ. ಅದು ಮುಗಿಯುವ ಮೊದಲೇ ನಾದಿನಿ ತನ್ನ ಗಂಡನ ಊರು ಗರಗದಿಂದ ಬಂದಳು.

ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತಳು. ಸೆರಗಿನಲ್ಲಿ ಒಂದು ಗಂಟಿತ್ತು. ಅತ್ತೆಯವರು ಹೊಸ್ತಿಲಲ್ಲಿ ನಿಂತು ಆ ಗಂಟನ್ನೇ ನೋಡಿದರು.

"ಅದನ್ನ ಒಳಗ ತಂದಿ ಅಂದ್ರ, ನೀ ಮಗಳಾಗಿ ಈ ಮನಿಗೆ ಬರೂದು ಇದ ಕಡೀದು," ಅಂದರು. ದನಿ ಏರಿಸಲಿಲ್ಲ. ಹೇಳಿದವರೇ ಒಳಗೆ ಹೋಗಿಬಿಟ್ಟರು.

ಗಂಟಿನಲ್ಲಿ ಇದ್ದದ್ದು ತಿರುಗಿ ಕೊಡಲು ತಂದ ಕಂಪನಿಯ ರೊಕ್ಕ; ಅದು ಬರುವ ಸುದ್ದಿ ಅತ್ತೆಯವರಿಗೆ ಮೊದಲೇ ಮುಟ್ಟಿತ್ತು. ಕಂಪನಿ ಅಂದರೆ ದೊಡ್ಡದೇನಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಆಚೆ ಒಂದು ತಗಡಿನ ಶೆಡ್ಡು. ಅಲ್ಲಿ ಟ್ರಂಕು, ಕಬ್ಬಿಣದ ಮಂಚ ಆಗುತ್ತಿದ್ದವು. ಬೋರ್ಡಿನ ಮೇಲೆ ಮಾತ್ರ ಪ್ರೈವೇಟ್ ಲಿಮಿಟೆಡ್ ಎಂದಿತ್ತು. ನಮ್ಮವರು ಮತ್ತು ಅವರ ಬಾಲ್ಯದ ಗೆಳೆಯರೊಬ್ಬರು, ಇಬ್ಬರೇ ಡೈರೆಕ್ಟರು. ನೆಂಟರು, ರಿಟೈರಾದ ಒಬ್ಬ ಮಾಸ್ತರು, ಹೀಗೆ ಕೆಲವರು ಸಣ್ಣಸಣ್ಣ ಷೇರು ಹಾಕಿದ್ದರು. ಮೀಟಿಂಗು ಗೋಪನಕೊಪ್ಪದ ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು. ಚಹಾಕ್ಕೆ ಕೂಗಿದರೆಂದರೆ ಮೀಟಿಂಗು ಮುಗಿಯಿತೆಂದು ನಾನು ತಿಳಿಯಬೇಕು.

ಎರಡು ವರ್ಷದ ಹಿಂದೆ ನಾದಿನಿಯ ಗಂಡನ ಹಿಟ್ಟಿನ ಗಿರಣಿಯ ಇಂಜಿನ್ ಕೆಟ್ಟು ನಿಂತಿತು. ಹೊಸದಕ್ಕೆ ಸಾಲ ಕೇಳಿದರು. ಇಬ್ಬರೂ ಡೈರೆಕ್ಟರು ಕೂತು, ಇಷ್ಟು ಸಾಲ, ಇಷ್ಟು ಬಡ್ಡಿ ಎಂದು ಠರಾವು ಬರೆದರು. ಆಗ ನಾದಿನಿ ಪಂಚಮಿಗೆಂದು ನಮ್ಮಲ್ಲೇ ಇದ್ದಳು. ಆಕೆಯ ಕೈಯಲ್ಲೇ ರೊಕ್ಕ ಕಳಿಸುವುದು, ಗಂಡನ ಪರವಾಗಿ ಆಕೆಯದೇ ಸಹಿ ಪಡೆಯುವುದು ಎಂದಾಯಿತು. ಮನೆಯಿಂದ ಹೊರಡುವ ರೊಕ್ಕವನ್ನು ಮೊದಲು ದೇವರ ಮುಂದೆ ಇಡುವುದು ನಮ್ಮ ಪದ್ಧತಿ. ನಮ್ಮವರು ಗಂಟನ್ನು ದೇವರ ಜಗಲಿಯ ಮೇಲೆ ಇಟ್ಟು, ಸಹಿಯ ಕಾಗದ ತರಲು ಪಡಸಾಲೆಗೆ ಹೋದರು.

ಅಷ್ಟರಲ್ಲಿ ಅತ್ತೆಯವರು ಮಗಳ ಉಡಿ ತುಂಬಲು ನಿಂತಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ, ಎಲೆ ಅಡಿಕೆ ಹಾಕಿದರು. ಜಗಲಿಯ ಮೇಲಿನ ಗಂಟೂ ಮಗಳಿಗೇ ಇಟ್ಟದ್ದು ಎಂದು ತಿಳಿದು ಅದನ್ನೂ ಉಡಿಗೆ ಹಾಕಿ ಕುಂಕುಮ ಹಚ್ಚಿಬಿಟ್ಟರು. ನಮ್ಮವರು ಕಾಗದ ಹಿಡಿದು ಬಾಗಿಲಲ್ಲಿ ನಿಂತರು. ತುಂಬಿದ ಉಡಿಯಿಂದ ಏನನ್ನೂ ಹೊರಗೆ ತೆಗೆಯುವಂತಿಲ್ಲ, ಅದರ ಲೆಕ್ಕ ಕೇಳುವಂತಿಲ್ಲ. ನಾದಿನಿ ಉಡಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಆ ಸಂಜೆ ನಮ್ಮವರು, ಅದು ನಮ್ಮ ರೊಕ್ಕ ಅಲ್ಲವ್ವ, ಕಂಪನೀದು, ಎಂದು ತಿಳಿಸಿ ಹೇಳಿದರು.

"ಕಂಪನಿ ಯಾರದು?"

"ನಂದೂ ಅಲ್ಲ, ಗೆಳ್ಯಾಂದೂ ಅಲ್ಲ."

"ಯಾರದೂ ಅಲ್ಲದ ರೊಕ್ಕ ಮನೀ ಮಗಳಿಗೆ ಮುಟ್ಟಿದ್ರ ಯಾರಿಗೇನು ಹೊಟ್ಟಿಕಿಚ್ಚು?" ಅಂದರು ಅತ್ತೆಯವರು. ಸಹಿಗೆಂದು ಕಾಗದ ಗರಗಕ್ಕೆ ಹೋದರೆ ಅವತ್ತೇ ಅನ್ನ ಬಿಡುವುದಾಗಿಯೂ ಹೇಳಿದರು. ಅವರ ತವರಿನಲ್ಲಿ ಉಡಿ ತುಂಬುವವರು ಎಂದೋ ತೀರಿಹೋಗಿದ್ದರು. ಬರಿ ಉಡಿಯ ನೋವು ಅವರಿಗೆ ಗೊತ್ತಿತ್ತು.

ಸಹಿ ಇಲ್ಲದ ಸಾಲ ಸಾಲವೇ ಅಲ್ಲ ಎಂದರು ಆಡಿಟರು. ನಮ್ಮವರು ಅದನ್ನು ತಮ್ಮ ಹೆಸರಿಗೆ ಬರೆಸಿಕೊಂಡರು. ಗೆಳೆಯರು ಬೇಡ ಬೇಡ ಅಂದರೂ ಕೇಳದೆ, ತಿಂಗಳಾ ಪಗಾರದಲ್ಲಿ ಮುರಿಸುತ್ತ ಬಂದರು. ಮನೆಯಲ್ಲಿ ತುಪ್ಪ ಹೋಗಿ ಎಣ್ಣೆ ಬಂತು, ಹಬ್ಬದ ಅಂಗಿ ಮುಂದಿನ ಹಬ್ಬಕ್ಕೆ ಹೋಯಿತು. ಗರಗದಲ್ಲಿಯೂ ಸುಖವಿರಲಿಲ್ಲ. ಹೆಂಡತಿಯ ತವರಿನ ರೊಕ್ಕದಲ್ಲಿ ಗಿರಣಿ ನಡೆಸುತ್ತಾನೆಂದು ಜನ ಆಡಿಕೊಂಡರು. ತಾನು ಕೇಳಿದ್ದು ಸಾಲ, ತಿರುಗಿ ಕೊಟ್ಟು ಬಾ, ಎಂದು ಆತ ಹೆಂಡತಿಯನ್ನು ಕಳಿಸಿದ್ದ. ಕೊಟ್ಟರೆ ತವರು ಹೋಗುತ್ತದೆ, ಕೊಡದಿದ್ದರೆ ಗಂಡ ತಲೆ ಎತ್ತುವಂತಿಲ್ಲ. ಅದಕ್ಕೇ ಆಕೆ ಕಟ್ಟೆಯ ಮೇಲೆ ಕೂತದ್ದು.

ನಾನು ನೀರು, ಬೆಲ್ಲ ಅಲ್ಲಿಗೇ ಒಯ್ದು ಕೊಟ್ಟೆ. ಬೆಲ್ಲ ಮುಟ್ಟಲಿಲ್ಲ, ನೀರು ಕುಡಿದಳು. ತಂಬಿಗೆ ಕೆಳಗಿಟ್ಟು ಕೇಳಿದಳು: "ವೈನಿ, ಅಣ್ಣನ ಶೆಡ್ಡು ಎಲ್ಲೈತಿ? ಅದೇನು ನನ್ನ ತವರಮನಿ ಅಲ್ಲಲ್ಲ."

ನಾನು ಸೂಜಿಯನ್ನು ಅಂಗಿಗೇ ಚುಚ್ಚಿಟ್ಟು ಎದ್ದೆ.

ಹೆಂಗಸರು ಶೆಡ್ಡಿಗೆ ಹೋದದ್ದು ಅದೇ ಮೊದಲು. ತಗಡು ಬಡಿಯುತ್ತಿದ್ದವರು ಸುತ್ತಿಗೆ ಇಳಿಸಿ ನಿಂತರು. ಗೆಳೆಯರು ಒಂದು ಹೊಸ ಟ್ರಂಕಿನ ಧೂಳು ಝಾಡಿಸಿ ಎಳೆದು ಹಾಕಿದರು. ನಮ್ಮವರು ತಂಗಿಯ ಮುಖ ನೋಡಿದರು, ಗಂಟು ನೋಡಿದರು.

"ಬರ್ರಿ, ಕೂಡ್ರಿ," ಅಂದರು.

"ಅಣ್ಣಾ, ನನಗ ಬರ್ರಿ ಅಂತೀಯೇನು?"

"ಇಲ್ಲಿ ನಾ ಅಣ್ಣ ಅಲ್ಲ. ಸಂಜೀಕ ಮನ್ಯಾಗ ಅಣ್ಣ."

ಆಕೆಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು. ಗೆಳೆಯರು, ಬಡ್ಡಿಯನ್ನಾದರೂ ಬಿಟ್ಟುಬಿಡೋಣ ಅಂದರು. ಉತ್ತರ ಕೊಟ್ಟವಳು ನಾದಿನಿಯೇ.

"ಬ್ಯಾಡ್ರಿ. ಬಡ್ಡಿ ಬಿಟ್ರ ಮತ್ತ ಉಡಿ ತುಂಬಿಧಂಗ ಆಗತೈತಿ. ಅದನ್ನೂ ಹೊತ್ಕೊಂಡು ಬರಾಕ ನನ್ನ ಕಡೆ ಆಗೂದಿಲ್ಲ."

ಬಡ್ಡಿ ಸಹಿತ ರೊಕ್ಕ ಎಣಿಸಿಕೊಂಡು, ಮುಟ್ಟಿದ್ದಕ್ಕೆ ಪಾವತಿ ಬರೆದು ಕೊಟ್ಟರು. ಅದನ್ನು ಮಡಚಿ ಗಂಡನಿಗೆಂದು ಕುಪ್ಪಸದಲ್ಲಿ ಇಟ್ಟುಕೊಂಡಳು. ನಮ್ಮವರ ಪಗಾರದಲ್ಲಿ ಮುರಿದದ್ದನ್ನು ಕಂಪನಿ ತಿರುಗಿ ಕೊಡಬೇಕೆಂದು ಗೆಳೆಯರು ಅಲ್ಲೇ ಹೇಳಿದರು. ಬಡಿಯುವ ಸದ್ದು ಮತ್ತೆ ಶುರುವಾಯಿತು.

ನಾವು ಮನೆ ಮುಟ್ಟಿದಾಗ ಅತ್ತೆಯವರು ನಾದಿನಿ ಕೂತಿದ್ದ ಅದೇ ಕಟ್ಟೆಯ ಮೇಲೆ ಕೂತಿದ್ದರು.

"ಗಂಟೆಲ್ಲಿ?"

"ಕಂಪನ್ಯಾಗ ಕೊಟ್ಟ ಬಂದೆ."

"ನಿಮ್ಮಣ್ಣನ ಕೈಯಾಗ?"

"ಅಲ್ಲಿ ಅಂವ ಅಣ್ಣ ಅಲ್ಲಂತ, ಯವ್ವಾ."

ಅತ್ತೆಯವರು ಬೀದಿಯ ಕಡೆ ನೋಡುತ್ತ ಕೂತರು. "ನನಗಂತೂ ಕೊಟ್ಟಿಲ್ಲಲ್ಲ," ಅಂದರು ಕಡೆಗೆ. "ಕಾಲ ತೊಳಕೊಂಡು ಒಳಗ ಬಾ."

ಅವತ್ತು ಜೋಳದ ರೊಟ್ಟಿ, ಎಣಗಾಯಿ, ಹಸಿ ಮೆಂತ್ಯದ ಸೊಪ್ಪು, ಮಜ್ಜಿಗೆ. ರೊಟ್ಟಿಯ ಮೇಲೆ ಹಚ್ಚಲು ಅತ್ತೆಯವರು ಮಾರಲು ಎತ್ತಿಟ್ಟಿದ್ದರಲ್ಲಿ ಒಂದು ಉಂಡೆ ಬೆಣ್ಣೆ ತೆಗೆದರು. ಮೊದಲು ಮಗಳಿಗೆ, ಆಮೇಲೆ ಮಗನಿಗೆ, ಉಳಿದದ್ದನ್ನು ನನ್ನ ತಾಟಿನಲ್ಲಿ ಹಾಕಿದರು. ಮಲಗಿದವರಲ್ಲಿ ನಾದಿನಿಯೇ ಮೊದಲು, ಅವ್ವನ ಕೌದಿ ಹೊದ್ದುಕೊಂಡು. ಅತ್ತೆಯವರು ಆಕೆಯ ಪಕ್ಕದಲ್ಲೇ ಮೊರ ಇಟ್ಟುಕೊಂಡು, ಮರುದಿನದ ಉಡಿಗೆಂದು ಅಕ್ಕಿ ಆರಿಸುತ್ತ ಕೂತಿದ್ದರು.