ಕಾಂಪೌಂಡರ್ ಮಾವನ ಬೆನ್ನಿಗೆ

ಕಳೆದ ವಾರ ಮೈಸೂರಿನ ಒಂದು ಸ್ಟುಡಿಯೋದಲ್ಲಿ ಎಂ.ಎ. ಪರೀಕ್ಷೆಯ ಅರ್ಜಿಗೆ ಬೇಕಾದ ಭಾವಚಿತ್ರಕ್ಕಾಗಿ ಕಾಯುತ್ತ ಕುಳಿತಿದ್ದಾಗ, ಕತ್ತಲೆಕೋಣೆಯ ಪರದೆ ಸರಿದು ಫಿಲಂ ತೊಳೆಯುವ ಹೈಪೋ ದ್ರಾವಣದ ವಾಸನೆ ಹೊರಬಂತು. ಹುಳಿಯೂ ಗಂಧಕವೂ ಬೆರೆತಂಥ, ಮೂಗಿನೊಳಗೆ ಅಂಟಿ ಕೂರುವ ಆ ವಾಸನೆ ತಾಗಿದೊಡನೆ ನನ್ನ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಿತು. ಹಿಂದೆ ಇದ್ದದ್ದು ಗೋಡೆ. ಗೋಡೆಯ ತುಂಬ ಮದುಮಕ್ಕಳ ಚಿತ್ರಗಳು. ಬೇರೆಯವರಿಗೆ ಆ ವಾಸನೆ ಮದುವೆಯನ್ನೋ ಹಬ್ಬವನ್ನೋ ನೆನಪಿಸೀತು. ನನಗೆ ನೆನಪಾಗುವುದು ಆನೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ನಮ್ಮೂರಿನಲ್ಲಿ, ಎಪ್ಪತ್ತರ ಈ ದಶಕದ ಮೊದಲ ವರ್ಷಗಳಲ್ಲಿ, ಪಕ್ಕದ ಮನೆಯಲ್ಲಿದ್ದವರು ಸರ್ಕಾರಿ ಆಸ್ಪತ್ರೆಯ ಕಾಂಪೌಂಡರ್. ನನಗೆ ಅವರು ಕಾಂಪೌಂಡರ್ ಮಾವ. ಹಗಲೆಲ್ಲ ಕೆಂಪು ಔಷಧ, ಬಿಳಿ ಪುಡಿ ತೂಗಿ ಕೊಡುತ್ತಿದ್ದ ಅದೇ ತಕ್ಕಡಿಯಂಥ ಇನ್ನೊಂದು ಪುಟ್ಟ ತಕ್ಕಡಿ ಅವರ ಮನೆಯ ಹಿತ್ತಿಲ ಕೋಣೆಯಲ್ಲೂ ಇತ್ತು. ಅದರಲ್ಲಿ ಅವರು ಫಿಲಂ ತೊಳೆಯುವ ರಾಸಾಯನಿಕಗಳನ್ನು ತೂಗುತ್ತಿದ್ದರು. ಕೊಡಗಿನ ಕಾಫಿ ತೋಟದ ಮ್ಯಾನೇಜರೊಬ್ಬರು ಮಾರಿಹೋದ ಎರಡು ಕಣ್ಣಿನ ಹಳೆಯ ಪೆಟ್ಟಿಗೆ ಕ್ಯಾಮರಾ ಅವರದು. ಅದರ ಮುಂದೆ ಓದುವ ಕನ್ನಡಕದ ಗಾಜೊಂದನ್ನು ಸಿಕ್ಕಿಸಿ, ಕಡಲೆಕಾಳಿನಷ್ಟಿರುವ ಜೀವವನ್ನು ಅಂಗೈಯಗಲ ಮಾಡಿ ತೋರಿಸುತ್ತಿದ್ದರು. ಗಾಜಿಗೂ ಹುಳುವಿಗೂ ಎಷ್ಟು ದೂರವಿರಬೇಕೆಂದು ಅಳೆಯಲು ಒಂದು ನೂಲು. ಅದರ ಗಂಟು ಹುಳುವನ್ನು ಮುಟ್ಟುವಂತಾದರೆ ಚಿತ್ರ ಸ್ಫುಟ.

ಪ್ರತಿದಿನ ಬೆಳಗ್ಗೆ, ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲು, ಅವರು ಕಾಡಿಗೆ ಹೋಗಿ ಬರುತ್ತಿದ್ದರು. ಅಮ್ಮ ಬೇಲಿಯ ಈಚೆಯಿಂದ ಕೆಣಕುವಳು:

"ಏನ್ ಕಾಂಪೌಂಡರಣ್ಣ, ಇವತ್ತು ಯಾವ ಇರುವೆಗೆ ಕಾಯಿಲೆ?"

"ಇರುವೆಗಲ್ಲ ಕಣಕ್ಕ, ನೋಡೋನಿಗೆ."

ಆ ಕ್ಯಾಮರಾದಲ್ಲಿ ನೋಡಬೇಕಾದರೆ ಮೇಲಿನಿಂದ ತಲೆ ಬಗ್ಗಿಸಿ ಅದರ ಒಳಗೆ ಇಣುಕಬೇಕಿತ್ತು. ನೆಲದ ಮೇಲಿನ ಹುಳವಾದರೆ ಮಂಡಿಯೂರಿ, ಬೆಳಕು ಒಳಗೆ ಸೋರದಂತೆ ತಲೆಯ ಮೇಲೆ ಶಾಲು ಹೊದ್ದು ಕೂರಬೇಕು. ಹಾಗೆ ಕೂತ ಮನುಷ್ಯನಿಗೆ ಪ್ರಪಂಚವೆಂದರೆ ಎರಡಂಗುಲ. ಅದರಾಚೆಗೆ ಅವನು ಕುರುಡ, ಬಹುಪಾಲು ಕಿವುಡ. ನಮ್ಮ ಕಡೆಯ ಕಾಡಿನಲ್ಲಿ ಹಾಗೆ ಕೂರುವುದೆಂದರೆ ಏನರ್ಥವೆಂದು ಕಾಡಂಚಿನಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಅರ್ಥವನ್ನು ಮಾವನಿಗಿಂತ ಮೊದಲು ಗ್ರಹಿಸಿದವಳು ಕಾಡಿನೊಳಗಿನ ಹಾಡಿಯ, ಎಂದರೆ ಆದಿವಾಸಿಗಳ ಕೇರಿಯ, ಒಬ್ಬ ಮುದುಕಿ. ಒಂದು ಬೆಳಗ್ಗೆ ಮಾವ ಶಾಲಿನೊಳಗಿದ್ದಾಗ ಹತ್ತಿರದಲ್ಲೇ ಯಾರೋ ಕೆಮ್ಮಿದಂತಾಗಿ, ಬೆಚ್ಚಿಬಿದ್ದು ಶಾಲು ತೆಗೆದರಂತೆ. ಎಲೆಯಡಿಕೆ ಅಗಿಯುತ್ತ, ಅವರಿಗೆ ಬೆನ್ನು ಮಾಡಿ, ಕಾಡಿನ ಕಡೆ ಮುಖ ಮಾಡಿ ಆಕೆ ನಿಂತಿದ್ದಳು.

"ಯಾರಮ್ಮ ನೀನು? ಇಲ್ಲೇನ್ ಮಾಡ್ತಿದ್ದೀಯ?"

"ಗೆಣಸು ಅಗೀತಾವ್ರೆ ಅಂದ್ಕಂಡೆ ಸಾಮಿ. ತಲೆ ಗುಂಡಿಗಿಟ್ಟೋರ ಬೆನ್ನಿಗೆ ಒಬ್ರು ನಿಲ್ಬೇಕಲ್ಲ. ಸಿಕ್ತಾ ಗೆಣಸು?"

ಹಾಡಿಯವರ ಪದ್ಧತಿ ಅದು. ಕಾಡುಗೆಣಸು ಆಳಕ್ಕೆ ಇಳಿದಿರುತ್ತದೆ. ಅಗೆಯುವವರ ತಲೆ, ಹೆಗಲು ಎಲ್ಲವೂ ಗುಂಡಿಯೊಳಗೆ. ಆದ್ದರಿಂದ ಒಬ್ಬರು ಅಗೆದರೆ ಇನ್ನೊಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಲೇಬೇಕು. ಗುರುತು ಪರಿಚಯವಿರಲಿ ಇಲ್ಲದಿರಲಿ, ಯಾರಾದರೂ ತಲೆ ತಗ್ಗಿಸಿ ಕೂತದ್ದನ್ನು ಕಂಡು ಸುಮ್ಮನೆ ದಾಟಿ ಹೋಗುವುದು ಅವರಲ್ಲಿ ಇರಲಿಲ್ಲ. ಗೆಣಸಲ್ಲ, ಹುಳವೆಂದು ತಿಳಿದು ಆಕೆ ಬಹಳ ಹೊತ್ತು ನಕ್ಕಳಂತೆ. ಮರುದಿನವೂ ಬಂದು ನಿಂತಳು. ಆಮೇಲೆ ಅದು ದಿನಚರಿಯಾಯಿತು. ನುಸಿಯೊಂದರ ಚಿತ್ರದ ದೊಡ್ಡ ಪ್ರತಿಯನ್ನು ಮಾವ ತೋರಿಸಿದಾಗ ಆಕೆ ಹೇಳಿದ ಮಾತನ್ನು ನಾನೇ ಕೇಳಿದ್ದೇನೆ: "ಇಷ್ಟು ದಪ್ಪನಾ? ಇದು ಕಚ್ಚುದ್ರೆ ಊರೇ ಸತ್ತೋಯ್ತದೆ ಕಣ್ ಸಾಮಿ, ಸುಟ್ಟಾಕಿ!"

ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ ಅವರೊಡನೆ ಹೋಗುತ್ತಿದ್ದೆ. ಮಾವ ನೋಡಿದ್ದನ್ನು ನಾನು ಒಮ್ಮೆಯೂ ಕಾಡಿನಲ್ಲಿ ನೋಡಲಿಲ್ಲ. ಆಕೆಯ ಪಕ್ಕದಲ್ಲಿ ನಿಂತು ಲಂಟಾನದ ಪೊದೆಗಳನ್ನು ನೋಡುವುದೇ ನನ್ನ ಪಾಲಿಗೆ ಬಂದದ್ದು. ಅಲುಗದ ಪೊದೆಯನ್ನು ದಿಟ್ಟಿಸುತ್ತ ನಿಲ್ಲುವ ಭಯವೇ ಬೇರೆ. ಎಲೆ ಅಲುಗಿದರೆ ಹೆದರಿಕೆ, ಅಲುಗದಿದ್ದರೆ ಇನ್ನೂ ಹೆದರಿಕೆ... ನಿನಗೆ ಭಯವಾಗುವುದಿಲ್ಲವೇ ಎಂದು ಕೇಳಿದಾಗ ಆಕೆ ನನ್ನತ್ತ ತಿರುಗಲೇ ಇಲ್ಲ. "ಆಗ್ದೆ ಏನವ್ವ? ಆಗ್ತದೆ ಅಂತ್ಲೇ ನಿಂತಿರಾದು."

ಒಂದು ಬೆಳಗ್ಗೆ ಹಡ್ಲಿನಲ್ಲಿದ್ದೆವು. ಕಾಡಿನ ನಡುವಿನ ಜೌಗು ಹುಲ್ಲುಗಾವಲಿಗೆ ನಮ್ಮ ಕಡೆ ಹಡ್ಲು ಎನ್ನುತ್ತಾರೆ. ಅಂಟುಹನಿಗಳಿಂದ ನುಸಿ ಹಿಡಿದು ತಿನ್ನುವ, ರೂಪಾಯಿಯಗಲದ ಕೆಂಪು ಗಿಡವೊಂದು ಅಲ್ಲಿ ಸಿಕ್ಕಿತ್ತು. ಮಾವ ಒದ್ದೆ ನೆಲದ ಮೇಲೆ ಮಂಡಿಯೂರಿ ಶಾಲಿನೊಳಗೆ ಸೇರಿದರು. ಮಂಜು ಇನ್ನೂ ಸರಿದಿರಲಿಲ್ಲ. ಮೊದಲು ಹಕ್ಕಿಗಳು ಸುಮ್ಮನಾದವು. ಬಳಿಕ ಹುಲ್ಲಿನೊಳಗಿಂದ ಹೊಟ್ಟೆ ಗುಡುಗಿದಂಥ, ಕೇಳಿತೋ ಇಲ್ಲವೋ ಎಂಬಂಥ ಒಂದು ಸದ್ದು ಅಂಗಾಲಿಗೆ ತಾಗಿತು. ಆಕೆ ಅಗಿಯುವುದನ್ನು ನಿಲ್ಲಿಸಿದಳು.

"ಸಾಮಿ, ಏಳ್ಬ್ಯಾಡಿ. ಕೂತಂಗೇ ಇಂದಕ್ಕೆ ಜರುಗಿ. ಎಡಕ್ಕೈತೆ."

ನಾನು ಎಡಕ್ಕೆ ನೋಡಿದೆ. ಬಂಡೆಯೆಂದು ಅಷ್ಟು ಹೊತ್ತು ನಾನು ನೋಡುತ್ತಲೇ ಇದ್ದ ಬೂದು ಬಣ್ಣಕ್ಕೆ ಕಿವಿಗಳಿದ್ದವು. ಆಕೆ ಹಿಂಬದಿಗೆ ಕೈ ಚಾಚಿ, ಕಣ್ಣು ಆನೆಯ ಮೇಲಿಂದ ಕೀಳದೆ, ಮಾವನ ಅಂಗಿಯ ಕಾಲರು ಹಿಡಿದು ಮಗುವನ್ನು ಎಳೆಯುವಂತೆ ಎಳೆದಳು. ಮತ್ತಿಮರದ ಆಚೆ ತಲುಪುವವರೆಗೆ ಯಾರೂ ಉಸಿರು ಬಿಟ್ಟ ನೆನಪಿಲ್ಲ. ಊರಿನ ದಾರಿ ಹಿಡಿದ ಮೇಲೆ ಆಕೆ ಮಾವನನ್ನು ಬೈದಳು: "ನಿಮ್ ಗಿಡ ನುಸಿ ಇಡೀತಿತ್ತು, ಅದು ನಿಮ್ಮುನ್ನ ಇಡಿಯಾಕೆ ಬಂದಿತ್ತು. ನಾಳಿಕ್ಕೆ ಮನೆ ಮುಂದ್ಲ ತುಳಸೀದು ಪಟ ತಗೀರಿ."

ಇಷ್ಟು ಹೇಳಿದ್ದು ಮುಂದಿನದಕ್ಕೆ ಹೊಣೆ ಕೇಳುವ ಸಲುವಾಗಿ.

ಮರುವರ್ಷ ಹಾಡಿಯನ್ನು ತೆರವು ಮಾಡಿಸಿದರು. ಕಾಡು ಇನ್ನು ಮುಂದೆ ಮೃಗಗಳಿಗೆ ಮಾತ್ರವೆಂದೂ ಮನುಷ್ಯರು ಅದರ ಶಾಂತಿಗೆ ಭಂಗವೆಂದೂ ಮೇಲಿನವರು ತೀರ್ಮಾನಿಸಿದ್ದರು. ಲಾರಿಗಳು ಬಂದವು. ತಲೆಮಾರುಗಳಿಂದ ಅಲ್ಲಿದ್ದವರು ಪಾತ್ರೆಪಡಗ ಹೊತ್ತು, ಕೊಡಗಿನ ತೋಟಗಳಿಗೂ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಹೊಲಗಳಿಗೂ ಚದುರಿಹೋದರು. ಹೊರಡುವ ಮುನ್ನ ಮುದುಕಿ ಆಸ್ಪತ್ರೆಯ ಬಾಗಿಲಿಗೆ ಬಂದು ಮಾವನಿಗೆ ಹೇಳಿ ಹೋದಳಂತೆ: "ಬೆನ್ನಿಗೆ ಆಳಿಲ್ದೆ ಓಗ್ಬ್ಯಾಡಿ ಸಾಮಿ. ಓದ್ರೆ ನನ್ನಾಣೆ."

ಮಾವ ಹೋಗಲಿಲ್ಲ. ಅವರು ಹುಂಬರಲ್ಲ. ತಿಂಗಳುಗಟ್ಟಲೆ ಕ್ಯಾಮರಾ ಮುಟ್ಟದೆ ಅರಣ್ಯ ಇಲಾಖೆಯ ಕಚೇರಿಗೆ ಅಲೆದರು. ಅವರು ಬೇಡಿದ್ದು ಇಷ್ಟೇ: ಬೆಳಗಿನ ಹೊತ್ತು ಕಾಡಿನಲ್ಲಿ ಚಿತ್ರ ತೆಗೆಯಲು ಇಬ್ಬರಿಗೆ ಪ್ರವೇಶ; ಒಬ್ಬರು ತಾವು, ಇನ್ನೊಬ್ಬರು ಆ ಮುದುಕಿ. ಹಾಗಾದರೂ ಆಕೆ ತನ್ನ ಕಾಡಿಗೆ ಮರಳಲಿ ಎಂಬುದು ಅವರ ಆಸೆ. ಬಂದ ಅನುಮತಿ ಒಬ್ಬರದು. ಆಕೆಯ ಹೆಸರಿನ ಮೇಲೆ ಗೆರೆ ಎಳೆಯಲಾಗಿತ್ತು. ಕಾಡಿನಿಂದ ಹೊರಹಾಕಿದವರನ್ನು ಕಾಡಿಗೆ ಬಿಡುವುದು ನಿಯಮಕ್ಕೆ ವಿರುದ್ಧವಂತೆ. ವಿದ್ಯಾವಂತ ಸರ್ಕಾರಿ ನೌಕರ ಒಂಟಿಯಾಗಿ ಹೋಗುವುದು ವಿರುದ್ಧವಲ್ಲವಂತೆ.

"ಮೊದ್ಲು ನೀವು ಓಡಾಡ್ತಿರಿ ಸಾರ್," ಎಂದು ಅಲ್ಲಿನ ಸಾಹೇಬರು ಸಲಹೆ ಕೊಟ್ಟರು. "ಪಾಸು ಚಾಲ್ತೀಲಿದ್ರೆ ಮುಂದಿನ ಸಲ ಎರಡನೇ ಹೆಸರು ಸೇರ್ಸೋಕೆ ಸುಲಭ. ಉಪಯೋಗಿಸ್ದೇ ಇದ್ರೆ ರದ್ದಾಗೋಯ್ತದೆ."

ಮಾವ ಆ ಮಾತನ್ನು ನಂಬಿದರು. ನೌಕರಿಯಲ್ಲಿ ಕೂದಲು ನರೆತವರು, ಕಚೇರಿಯ ಮಾತನ್ನು ನಂಬದೆ ಇನ್ನಾರ ಮಾತು ನಂಬಿಯಾರು? ಆ ವರ್ಷದ ರಜೆಯಲ್ಲಿ ಅವರನ್ನು ಕೊನೆಯ ಬಾರಿ ಕಂಡಾಗ ಶಾಲು ಹೊದೆಯುವುದನ್ನೇ ಬಿಟ್ಟಿದ್ದೇನೆ ಎಂದರು. ಬಗ್ಗುತ್ತಾರಂತೆ, ನೂಲು ಹಿಡಿಯುತ್ತಾರಂತೆ, ಗಂಟು ಹುಳುವನ್ನು ಮುಟ್ಟುವಷ್ಟರಲ್ಲಿ ಕತ್ತು ಹಿಂದೆ ತಿರುಗುತ್ತದಂತೆ. "ಒಂದು ಚಿತ್ರಾನೂ ನೆಟ್ಟಗೆ ಬರ್ತಿಲ್ಲ ಮಗ. ಆದ್ರೂ ಹೋಗ್ತಿರ್ಬೇಕು. ಆ ಅಜ್ಜೀದೊಂದು ಪಾಸಾಗೋವರ್ಗೆ." ಆಗ ಅವರ ಕಣ್ಣಿನಲ್ಲಿ ಕಂಡ ಭಯವನ್ನು ನಾನು ಬೇರೆ ಯಾವ ಹಿರಿಯರ ಕಣ್ಣಿನಲ್ಲೂ ಕಂಡಿಲ್ಲ...

ಮಳೆಗಾಲ ಮುಗಿದ ಮೇಲೆ ಅದೇ ಹಡ್ಲಿನಲ್ಲಿ ಅವರ ದೇಹ ಸಿಕ್ಕಿತು. ನಾನು ಮೈಸೂರಿನಲ್ಲಿದ್ದೆ, ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕ್ಯಾಮರಾ ಒಡೆದಿರಲಿಲ್ಲ. ಅದರೊಳಗಿನ ಫಿಲಮನ್ನು ಮಾವನ ಹೆಂಡತಿಯ ಅನುಮತಿ ಪಡೆದು ಹುಣಸೂರಿನಲ್ಲಿ ತೊಳೆಸಿದೆ. ಎಲ್ಲ ಚಿತ್ರಗಳೂ ಅಲುಗಿದ್ದವು. ಔಷಧದ ಪುಡಿಯನ್ನು ಕಣ ಹೆಚ್ಚುಕಡಿಮೆಯಾಗದಂತೆ ತೂಗುತ್ತಿದ್ದ ಕೈ ಅದು. ಆ ಮಸುಕು ಗೆರೆಗಳನ್ನು ಹಿಡಿದು ಸ್ಟುಡಿಯೋದ ಮುಂದೆ ನಿಂತಾಗ ನನಗೆ ತಿಳಿದದ್ದು, ಅವರು ಕಡೆಯ ದಿನಗಳನ್ನು ಹೇಗೆ ನಡುಗುತ್ತ ಕಳೆದಿದ್ದರೆಂದು.

ಮೃತರು ಸ್ವಂತ ಅಜಾಗರೂಕತೆಯಿಂದ ಆನೆಗೆ ಬಲಿಯಾದರು ಎಂದು ವಿಚಾರಣೆ ಮುಗಿಯಿತು. ಅಜಾಗರೂಕತೆ! ಜಾಗರೂಕತೆ ಎರಡು ಕಾಲಿನ ಮೇಲೆ ನಿಂತು ಎಲೆಯಡಿಕೆ ಅಗಿಯುತ್ತಿತ್ತು. ಅದನ್ನು ಲಾರಿಗೆ ಹತ್ತಿಸಿದವರು ಯಾರು? ಅದನ್ನು ಮರಳಿ ಕೊಡಿರೆಂದು ಒಬ್ಬ ಮನುಷ್ಯ ಕೈಮುಗಿದು ಬೇಡಿದಾಗ ಆ ಹೆಸರಿನ ಮೇಲೆ ಗೆರೆ ಎಳೆದ ಕೈ ಯಾರದು? ಆ ಕೈ ಇಂದಿಗೂ ಸಹಿ ಹಾಕುತ್ತಿದೆ, ಸಂಬಳ ಎಣಿಸುತ್ತಿದೆ. ನಾನು ಮೂರು ಕಚೇರಿಗಳಿಗೆ ಬರೆದು ಕೇಳಿದ್ದೇನೆ, ಉತ್ತರ ಬಂದಿಲ್ಲ. ಇಷ್ಟಾದರೂ ಮಾವನ ಸಾವಿಗೊಂದು ವಿಚಾರಣೆಯೆಂಬುದು ನಡೆಯಿತು. ಒಂದು ಹಾಡಿಯೇ ಇಲ್ಲವಾದದ್ದಕ್ಕೆ ಅಷ್ಟೂ ನಡೆಯಲಿಲ್ಲ.

ಆ ಮುದುಕಿಯನ್ನು ಹುಡುಕಿಕೊಂಡು ಹೋದೆ. ಪಿರಿಯಾಪಟ್ಟಣದ ಆಚೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ನನ್ನನ್ನು ಗುರುತಿಸಿದಳು, ಆದರೆ ಮಾತನಾಡುವಾಗ ಆಕೆಯ ಕಣ್ಣು ಪದೇ ಪದೇ ಧಣಿಗಳ ಮನೆಯ ಬಾಗಿಲಿಗೆ ಓಡುತ್ತಿತ್ತು. ಸುದ್ದಿ ಆಕೆಗೆ ಮುಟ್ಟಿತ್ತು. ಕೈ ನಿಲ್ಲಿಸದೆ, ದನಿ ತಗ್ಗಿಸಿ ಕೇಳಿದಳು:

"ಅವತ್ತು ಬೆನ್ನಿಗೆ ಯಾರ್ ನಿಂತಿದ್ರವ್ವ?"

"ಯಾರೂ ಇರ್ಲಿಲ್ಲ ಅಜ್ಜಿ."

"ಅಂಗಾರೆ ಆನೇದೇನವ್ವ ತಪ್ಪು?"

ಅಷ್ಟು ದೊಡ್ಡ ವಿಚಾರಣೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ. ಆಕೆ ಮುಂದಿನ ಕಡ್ಡಿಯನ್ನು ಕೈಗೆತ್ತಿಕೊಂಡಳು. ಮರುವರ್ಷ ಹೋದಾಗ ಆಕೆ ಅಲ್ಲಿರಲಿಲ್ಲ. ಎಲ್ಲಿಗೆ ಹೋದಳೆಂದು ಹೇಳುವವರೂ ಇರಲಿಲ್ಲ...

ಮೊನ್ನೆ ಸಂಜೆ ವಿಶ್ವವಿದ್ಯಾನಿಲಯದ ಆವರಣದಲ್ಲಿ ನಡೆಯುತ್ತಿದ್ದೆ. ದಾರಿಯಂಚಿನ ಹುಲ್ಲಿನ ಮೇಲೆ ಪುಟ್ಟ ಜೇಡವೊಂದು ತನ್ನ ಮೊಟ್ಟೆಗಳ ಬಿಳಿ ಗಂಟನ್ನು ಹೊತ್ತು ಸಾಗುತ್ತಿತ್ತು. ನೋಡಬೇಕೆನಿಸಿತು. ಬಗ್ಗಿದೆ. ಸುತ್ತ ಹುಡುಗ ಹುಡುಗಿಯರು ನಗುತ್ತ ಹೋಗುತ್ತಿದ್ದರು, ಸೈಕಲ್ಲಿನ ಗಂಟೆ ಕೇಳುತ್ತಿತ್ತು. ಆನೆ ಬರುವ ಊರಲ್ಲ ಅದು. ಆದರೂ ತಟ್ಟನೆ ಎದ್ದು ಹಿಂದಕ್ಕೆ ತಿರುಗಿದೆ. ಹಿಂದೆ ಯಾರೂ ಇರಲಿಲ್ಲ. ಮತ್ತೆ ಕೆಳಗೆ ನೋಡುವಷ್ಟರಲ್ಲಿ ಜೇಡ ಹುಲ್ಲಿನೊಳಗೆ ಹೋಗಿತ್ತು. ಮಾವನಿದ್ದಿದ್ದರೆ ಅದು ಹೋಗುವ ಮುನ್ನವೇ ಚಿತ್ರ ತೆಗೆದಿರುತ್ತಿದ್ದರು. ಮಾವನಿಲ್ಲ.