ನಡುವೆ ಬಿಟ್ಟ ಗೆರೆ

ನಮ್ಮ ನರ್ಸಮ್ಮನ ಎಡ ಹೆಗಲು ಬಲಗಡೆಯದಕ್ಕಿಂತ ಎರಡು ಬೆರಳು ಕೆಳಗಿತ್ತು. ಐಸು ತುಂಬಿದ ಲಸಿಕೆಯ ಡಬ್ಬಿಯನ್ನು ತಗಲಿಸಿಕೊಂಡು ಇಪ್ಪತ್ತೈದು ವರ್ಷ ಊರೂರು ನಡೆದವರ ಹೆಗಲು ಅದು. ಕುಪ್ಪಸದ ತೋಳು ಆ ಕಡೆ ಯಾವಾಗಲೂ ಜಾರುತ್ತಿತ್ತು. ಅದನ್ನು ಮೇಲೆಳೆದುಕೊಳ್ಳುತ್ತಲೇ ಬೈಯುವುದು ಅವರ ರೂಢಿ.

ಆಂಧ್ರದ ಡಿ. ಹಿರೇಹಾಳ್ ಕಡೆಯ ನನ್ನ ಗಂಡನ ಊರಿನಲ್ಲಿ ಅವರದು ಎರಡು ಕೋಣೆಯ ಸರ್ಕಾರಿ ಉಪಕೇಂದ್ರ. ಊರ ಹಿಂದಿನ ಹಳ್ಳ ದಾಟಿದರೆ ಕರ್ನಾಟಕ. ನಾನು ಹುಟ್ಟಿದ್ದು ಆ ಆಚೆ ದಂಡೆಯ ಊರಲ್ಲಿ. ನಮ್ಮ ಕಡೆಯ ಆಸ್ಪತ್ರೆಗೆ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಬೇಕು. ನರ್ಸಮ್ಮನ ಹತ್ತಿರ ಹೋಗಲು ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡರೆ ಸಾಕು. ಯಾರು ತಾನೇ ಬಸ್ಸು ಹತ್ತುತ್ತಾರೆ?

ನಾನು ಐದು ವರ್ಷದವಳಿದ್ದಾಗ ನಾಗರ ಪಂಚಮಿಯ ಉಂಡಿ ಮಿತಿಮೀರಿ ತಿಂದು, ಮರುದಿನ ವಾಂತಿ ಭೇದಿ ಹತ್ತಿ, ಕಣ್ಣು ಮೇಲೆ ಮಾಡಿದ್ದೆನಂತೆ. ಅವ್ವ ಹೊತ್ತುಕೊಂಡು ಹಳ್ಳ ದಾಟಿದಳು. ನರ್ಸಮ್ಮ ಪೊಟ್ಟಣ ಒಡೆದು ಉಪ್ಪು-ಸಕ್ಕರೆ ನೀರು ಕಲಸಿ, ಒಂದೊಂದೇ ಚಮಚ ಬಾಯಿಗೆ ಬಿಟ್ಟರು. ನಾನು ಕಕ್ಕಿದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ. ಹೊತ್ತು ಇಳಿಯುವ ತನಕ ಅವರು ಎದ್ದಿಲ್ಲ, ಊಟ ಮಾಡಿಲ್ಲ. ಕೊನೆಗೆ ನಾನು ಉಚ್ಚೆ ಹೊಯ್ದು ಅವರ ಸೀರೆ ತೋಯಿಸಿದಾಗ, "ಇನ್ನ ಚಿಂತಿಲ್ಲವಾ, ಕೂಸು ಉಳೀತು" ಎಂದು ನಕ್ಕರಂತೆ. ಅವ್ವ ತಾನು ಸಾಯುವ ತನಕ ಈ ಕಥೆ ಹೇಳಿದಳು, ಪ್ರತಿ ಸಲ ನಾನು ತಿಂದ ಉಂಡಿಗೆ ಇನ್ನೊಂದು ಸೇರಿಸುತ್ತ.

ಮುಂದೆ ನಾನು ಇದೇ ಊರಿಗೆ ಸೊಸೆಯಾಗಿ ಬಂದೆ, ಆಶಾ ಕಾರ್ಯಕರ್ತೆಯಾದೆ, ಅವರ ಕೈಕೆಳಗೇ ಬಿದ್ದೆ. ಅಬ್ಬಾ, ಎಂಥ ಬಾಯಿ! ಬಸುರಿ ಹೆಂಗಸು ತಪಾಸಣೆಗೆ ಬರದಿದ್ದರೆ ಮನೆಗೇ ಹೋಗಿ ಅವಳ ಅತ್ತೆಯನ್ನು ಬೈದು ಬರುವರು. ನನಗಂತೂ ದಿನಕ್ಕೊಮ್ಮೆ ಇದ್ದದ್ದೇ. ಆದರೆ ಅವರ ಒಂದು ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ರೋಗಿಗಳ ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತ ನಡುನಡುವೆ ಒಂದೊಂದು ಗೆರೆ ಖಾಲಿ ಬಿಡುತ್ತಿದ್ದರು. ಸರ್ಕಾರದ ಕಾಗದ ಅಂತ ಹಿಂಗ ಹಾಳು ಮಾಡ್ತೀರೇನು ಎಂದು ಚುಡಾಯಿಸಿದರೆ, ನಿನ್ನ ಕೆಲಸ ನೀನು ನೋಡು ಅನ್ನುವರು. ಹಳ್ಳದಾಚೆಯವರಿಗೆ ಔಷಧ ಕೊಟ್ಟು ಹೆಸರು ಬರೆಯುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಗೆರೆಗೂ ಅದಕ್ಕೂ ಸಂಬಂಧವಿದೆ ಎಂದು ಈ ದಡ್ಡ ತಲೆಗೆ ಹೊಳೆಯಲಿಲ್ಲ.

ಒಮ್ಮೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದರು. ನಮ್ಮ ಸೀಮೆಯವರೇ, ಕನ್ನಡ ಬರುತ್ತಿತ್ತು. ಒಬ್ಬೊಬ್ಬ ರೋಗಿಯ ಮೇಲೆ ಒಂದೊಂದು ಉಪಕೇಂದ್ರಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ನೋಡುವುದು ಅವರ ಕೆಲಸ. ನಮ್ಮದೇ ಎಲ್ಲಕ್ಕಿಂತ ದುಬಾರಿ ಎಂದು ಬಂತು. ಮಾತ್ರೆ ಅಷ್ಟು ಖಾಲಿ, ಜನ ಮಾತ್ರ ಇಷ್ಟೇ. ಇದನ್ನು ಮುಚ್ಚಿ ದೊಡ್ಡೂರಿನ ಆಸ್ಪತ್ರೆಗೆ ಸೇರಿಸುವುದೇ ಮೇಲು ಎಂದರು. ಆಮೇಲೆ ದನಿ ತಗ್ಗಿಸಿ, ಉಳಿದ ಮಾತ್ರೆ ಎಲ್ಲಿ ಹೋದವಮ್ಮ ಎಂದು ಕೇಳಿದರು. ಕೇಳಿದ ಧಾಟಿಗೆ ನನಗೆ ಮೈ ಉರಿಯಿತು. ನರ್ಸಮ್ಮ ರಿಜಿಸ್ಟರನ್ನು ಅವರ ಕಡೆ ಸರಿಸಿದರು.

ನಾನೇ ಬಾಯಿಬಿಟ್ಟೆ. ಹಳ್ಳದಾಚೆಯವರಿಗೆ ಕೊಟ್ಟಾರ್ರಿ, ಅವರ ಕಾರ್ಡು ಆ ರಾಜ್ಯದ್ದು, ಅದಕ್ಕ ಹೆಸರು ಬರದಿಲ್ಲ, ಎಂದುಬಿಟ್ಟೆ. ಅಂದ ಮೇಲೆ ನರ್ಸಮ್ಮನ ನೌಕರಿಗೇ ಕುತ್ತು ತಂದೆನಲ್ಲ ಅನ್ನಿಸಿತು.

ಯಾಕೆ ಬರೆಯಲಿಲ್ಲ ಎಂದು ಅಧಿಕಾರಿ ಕೇಳಿದರು. ನರ್ಸಮ್ಮ ತೋಳು ಮೇಲೆಳೆದುಕೊಂಡರು.

"ಬರದ್ರ ನೀವು ಕೊಡಬ್ಯಾಡ ಅಂತಿದ್ರಿ ಸಾರ್. ಸುಳ್ಳ ಹೆಸರು ಬರಿಯಾಕ ನನ್ನ ಕೈ ಬರಂಗಿಲ್ಲ. ಒಬ್ಬೊಬ್ರಿಗೂ ಒಂದೊಂದು ಗೆರಿ ಬಿಟ್ಟೀನಿ. ಎಣಿಸ್ಕೊಳ್ರಿ."

ಅಧಿಕಾರಿ ಕುರ್ಚಿ ಎಳೆದುಕೊಂಡು ನಿಜವಾಗಿಯೂ ಎಣಿಸಿದರು. ಒಂದು ರಿಜಿಸ್ಟರು ಮುಗಿಸಿ ಇನ್ನೊಂದು ಕೇಳಿದರು. ನಾನು ತಂದಿಟ್ಟ ಚಹಾ ಆರಿಹೋಯಿತು. ಖಾಲಿ ಗೆರೆಗಳನ್ನೂ ಜನವೆಂದು ಹಿಡಿದರೆ ನಮ್ಮದು ಸುತ್ತಲಿನ ಎಲ್ಲಕ್ಕಿಂತ ಅಗ್ಗ. ಇನ್ನು ಮೇಲೆ ಹೆಸರು ಬರೆಯಿರಿ, ಕೊಡಬೇಡ ಅನ್ನುವವರಿಗೆ ನಾನು ಉತ್ತರ ಹೇಳುತ್ತೇನೆ ಎಂದು ಹೇಳಿ ಹೋದರು, ಮಾತಿಗೆ ತಪ್ಪಲಿಲ್ಲ. ಕೇಂದ್ರ ಉಳಿಯಿತು. ಆಚೆಯವರಿಗೆಂದು ಬೇರೆ ಪುಟ ಬಂತು, ಮೇಲೆ 'ಹೊರಗಿನವರು' ಎಂದು ಬರೆದಿತ್ತು. ನರ್ಸಮ್ಮ ಅದನ್ನು ಓದಿ, ನನ್ನ ಕಡೆ ತಿರುಗಿ, "ಬಾರವಾ ಹೊರಗಿನಾಕೆ, ಈ ಡಬ್ಬಿ ಹೊತ್ಕೊ" ಅಂದರು.

ನಿವೃತ್ತಿಯಾಗಿ ಮೂರು ವರ್ಷಕ್ಕೆ, ಹೋದ ಶ್ರಾವಣದಲ್ಲಿ ತೀರಿಕೊಂಡರು. ಮಣ್ಣಿಗೆ ಹಳ್ಳದ ಎರಡೂ ದಂಡೆಯವರು ಬಂದಿದ್ದರು.

ಈಗ ಎಲ್ಲವೂ ಟ್ಯಾಬಿನಲ್ಲಿ. ಹೆಸರು ಹಾಕದೆ ಅದು ಮುಂದಕ್ಕೇ ಹೋಗುವುದಿಲ್ಲ. ಮೊನ್ನೆ ಹಳೆಯ ರಿಜಿಸ್ಟರುಗಳನ್ನು ಗಂಟು ಕಟ್ಟುವಾಗ ನನ್ನ ಐದನೇ ವರ್ಷದ್ದು ಸಿಕ್ಕಿತು. ಪಂಚಮಿಯ ಮರುದಿನವನ್ನು ಹುಡುಕಿದೆ. ನರ್ಸಮ್ಮನ ದುಂಡು ತೆಲುಗಿನಲ್ಲಿ ಆರು ಹೆಸರು, ನಡುವೆ ಒಂದೇ ಒಂದು ಗೆರೆ ಖಾಲಿ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಆಮೇಲೆ ಪೆನ್ನು ತೆಗೆದು ಆ ಗೆರೆ ತುಂಬಿದೆ, ಕನ್ನಡದಲ್ಲಿ. ನನ್ನ ಹೆಸರು. ವಯಸ್ಸು ಐದು. ಹಳ್ಳದಾಚೆಯ ನಮ್ಮೂರು. ಏನು ಕೊಟ್ಟರು ಎನ್ನುವ ಕಡೆ ಹೀಗೆ ಬರೆದೆ: ಉಪ್ಪು-ಸಕ್ಕರೆ ನೀರಿನ ಪೊಟ್ಟಣ ಒಂದು, ನರ್ಸಮ್ಮನ ಇಡೀ ಮಧ್ಯಾಹ್ನ ಒಂದು.