ಕಪ್ಪು ಹಳದಿಯ ಟ್ಯಾಕ್ಸಿ ಸರ

ಒಂದು ಸೋಮವಾರ ಬೆಳಿಗ್ಗೆ ನನ್ನ ಅಕ್ಕನ ಮದುವೆಯನ್ನು ನಾನೇ ಮಾಡಿಸಿಬಿಟ್ಟೆ. ವರ ಇರಲಿಲ್ಲ, ಭಟ್ಟರು ಇರಲಿಲ್ಲ, ಅಕ್ಷತೆಯೂ ಇರಲಿಲ್ಲ. ಹಾರ್ಬರ್ ಲೈನಿನ ಲೋಕಲ್ ರೈಲು, ಅದರ ಲೇಡೀಸ್ ಡಬ್ಬಿಯೇ ಮಂಟಪ. ನೆರೆದ ಹೆಂಗಸರು ಹರಸಿ ಮುಗಿಸಿದ ಮೇಲೆ ಮದುಮಗಳಿಗೆ ಸುದ್ದಿ ತಿಳಿಯಿತು. ಮದುವೆ ಮಾಡಿಸಿದ ನನಗೆ ತಿಳಿದದ್ದು ಸಂಜೆ.

ನಾನು ಪವಾಯಿಯ ಒಂದು ಆಫೀಸಿನಲ್ಲಿ ಮೊಬೈಲ್ ಆ್ಯಪ್‌ಗಳ ಬಟನ್ನುಗಳಿಗೆ ಬಣ್ಣ ಆರಿಸುತ್ತೇನೆ. ಈ ಕೆಲಸ ಎರಡು ವರ್ಷ ಮಾಡಿದರೆ ಆಕಾಶದ ನೀಲಿಯಲ್ಲೂ ಏನೋ ತಪ್ಪಿದೆ ಅನಿಸತೊಡಗುತ್ತದೆ. ಆ ಸೊಕ್ಕಿನಲ್ಲೇ ಮಣಿಸರ ಮಾಡಲು ಕೂತವನು ನಾನು. ನನ್ನ ಪದ್ಧತಿ ಸರಳ. ಊರಲ್ಲಿ ಕಣ್ಣಿಗೆ ಬಿದ್ದ ಯಾವುದೋ ಒಂದರ ಫೋಟೋ ತೆಗೆಯುವುದು, ಅದರಿಂದ ಐದು ಬಣ್ಣ ಹೆಕ್ಕುವುದು, ಭುಲೇಶ್ವರದ ಗಲ್ಲಿಯಲ್ಲಿ ಅದೇ ಬಣ್ಣದ ಗಾಜಿನ ಮಣಿ ಹುಡುಕಿ ತಂದು ಪೋಣಿಸುವುದು. ಮೊದಲ ಸರ ವಡಾಪಾವಿನದು: ಕಂದು, ಬಿಳಿ, ಆಲೂಗಡ್ಡೆಯ ಹಳದಿ, ಚಟ್ನಿಯ ಹಸಿರು, ಖಾರಪುಡಿಯ ಕೆಂಪು. ನೋಡಿದವರಿಗೆಲ್ಲ ಹಸಿವಾಯಿತು, ಕೊಳ್ಳುವ ಮನಸ್ಸು ಯಾರಿಗೂ ಆಗಲಿಲ್ಲ.

ವಡಾಲದ ನಮ್ಮ ಮನೆಯಲ್ಲಿ ಇರುವುದು ಒಂದೇ ಮೇಜು. ಅದರ ಮೇಲೆ ನನ್ನ ಮಣಿಗಳು ಹರಡಿಕೊಂಡ ದಿನದಿಂದ ಅಪ್ಪ, ಅವ್ವ, ಅಕ್ಕ ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಅವ್ವನ ಹಳೆಯ ಮಸಾಲೆ ಡಬ್ಬಿಯನ್ನೂ ನಾನು ಮಣಿಗೆಂದು ಎತ್ತಿಕೊಂಡಿದ್ದೆ. ಒಂದು ದಿನ ಕಪ್ಪು ಮಣಿ ಸಾಸಿವೆಯ ಜಾಗಕ್ಕೆ ಹೋಗಿ ಒಗ್ಗರಣೆಯಲ್ಲಿ ಬಿತ್ತು. ಎಷ್ಟು ಹೊತ್ತು ಕಾದರೂ ಅದು ಸಿಡಿಯಲಿಲ್ಲ, ಅವ್ವ ಸಿಡಿದಳು.

"ಸೋಮವಾರದೊಳಗ ಒಬ್ಬರಾದ್ರೂ ನಿನ್ನ ಸರ ಕೇಳಬೇಕು. ಇಲ್ಲಾಂದ್ರ ಇದೆಲ್ಲಾ ಗಂಟು ಕಟ್ಟಿ ಮಾಳಿ ಮ್ಯಾಲೆ ಒಗೀತೀನಿ. ನನಗ ಮೇಜಿನ ಮ್ಯಾಲೆ ಕುಂತು ಉಣ್ಣೂದೈತಿ."

"ಮೇಜಿನ ಮ್ಯಾಲೆ ಯಾಕ ಕುಂದರ್ತೀ, ಕುರ್ಚಿ ಮ್ಯಾಲೆ ಕುಂದರವ್ವಾ," ಎಂದೆ. ಗಡುವು ಭಾನುವಾರಕ್ಕೆ ಬಂದುಬಿಡುವ ಹಾಗಿತ್ತು, ಅಕ್ಕ ತಡೆದಳು. ಫೋರ್ಟ್ ಕಡೆ ಆಫೀಸಿಗೆ ಹೋಗುವ ಅವಳ ಲೋಕಲ್ ಗುಂಪಿನಲ್ಲಿ ಹತ್ತು ಹನ್ನೆರಡು ಹೆಂಗಸರಿದ್ದರು. ಕಿವಿಯ ರಿಂಗಿನಿಂದ ನೈಟಿಯವರೆಗೆ ಎಲ್ಲವನ್ನೂ ಚಲಿಸುವ ಗಾಡಿಯಲ್ಲೇ ಕೊಳ್ಳುವವರು. "ಒಂದು ಛಂದಂದ್ ಮಾಡಿಕೊಡು. ಹಾಕ್ಕೊಂಡ್ ಹೋಗ್ತೀನಿ," ಎಂದಳು.

ಆಗ ಹೊಳೆದದ್ದು ಕಾಲಿ-ಪೀಲಿ, ಅಂದರೆ ಕಪ್ಪು ಹಳದಿಯ ಟ್ಯಾಕ್ಸಿ. ಸ್ಟೇಷನ್ನಿನ ಹೊರಗೆ ಒಂದು ಹಳೆಯ ಗಾಡಿ ಖಾಲಿ ನಿಂತಿತ್ತು. ದಾದರಿಗೆ ಬರ್ತೀರಾ ಎಂದು ಕೇಳಿದೆ. ಚಾಲಕ ನನ್ನ ಮುಖವನ್ನೂ ನೋಡದೆ ಇಲ್ಲವೆಂದು ತಲೆ ಅಲ್ಲಾಡಿಸಿದ. ಫೋಟೋಗೆ ಮಾತ್ರ ಒಪ್ಪಿದ. ಐದು ಬಣ್ಣ ಸಿಕ್ಕವು: ಮೈಯ ಕಪ್ಪು, ತಲೆಯ ಹಳದಿ, ಸೀಟಿನ ಹಸಿರು, ಮೀಟರಿನ ಕೆಂಪು, ಬಂಪರಿನ ಬೆಳ್ಳಿ.

ಐದನ್ನೂ ಪೋಣಿಸಿದರೆ ಸರ ಲಾರಿಯ ಹಿಂಭಾಗದಂತೆ ಕಂಡಿತು. ಬಣ್ಣಗಳಲ್ಲಿ ಒಂದು ದೊರೆ, ಒಂದು ಮಂತ್ರಿ, ಉಳಿದವರು ದರ್ಬಾರಿನಿಂದ ಹೊರಗೆ ಎಂಬುದು ನನ್ನ ಸಿದ್ಧಾಂತ. ಹಸಿರು ಕಿತ್ತೆ, ಕೆಂಪು ಕಿತ್ತೆ, ಬೆಳ್ಳಿಯನ್ನೂ ಕಿತ್ತೆ. ಅಚ್ಚ ಹಳದಿ ಮಕ್ಕಳ ಆಟಿಕೆಯಂತೆ ಕಾಣುತ್ತಿತ್ತು, ಅದನ್ನು ಬಂಗಾರದ ಬಣ್ಣಕ್ಕೆ ಇಳಿಸಿದೆ. ಸಣ್ಣ ಕಪ್ಪು ಮಣಿಯ ಎರಡು ಎಳೆ, ನಡುನಡುವೆ ಒಂದೊಂದು ಬಂಗಾರದ್ದು. ಆದರೂ ಏನೋ ಕೊರತೆ. ಹೆಡ್‌ಲೈಟ್ ಇಲ್ಲದೆ ಟ್ಯಾಕ್ಸಿ ಹೇಗಾದೀತು? ನಟ್ಟನಡುವೆ ಬಟ್ಟಲಿನಂಥ ಎರಡು ಹಿತ್ತಾಳೆ ಬಿಲ್ಲೆ ಇಳಿಬಿಟ್ಟೆ. ಇಷ್ಟು ಸೊಗಸಾದದ್ದು ಜಗತ್ತಿನಲ್ಲಿ ಹಿಂದೆಂದೂ ಯಾರಿಗೂ ಹೊಳೆದಿಲ್ಲ ಅನಿಸಿತು.

ಕೊಕ್ಕೆ ಕೂಡಿಸುವಷ್ಟರಲ್ಲಿ ಸೋಮವಾರ ಬೆಳಗಾಗಿ ಅಕ್ಕ ಚಪ್ಪಲಿ ಮೆಟ್ಟಿ ನಿಂತಿದ್ದಳು. ಕಾಗದದಲ್ಲಿ ಸುತ್ತಿ ಅವಳ ಬ್ಯಾಗಿಗೆ ಹಾಕಿದೆ. ಗಾಡಿಯಲ್ಲೇ ಕೊರಳಿಗೆ ಹಾಕಿಕೊಳ್ಳುತ್ತೇನೆ ಎಂದು ಓಡಿದಳು. ಮಧ್ಯಾಹ್ನ "ಎಷ್ಟು ಆರ್ಡರ್?" ಎಂದು ಮೆಸೇಜ್ ಹಾಕಿದೆ. ನಗುವ ಮುಖವೊಂದು ಬಂತು, ಅಷ್ಟೇ. ನನಗೆ ಅಷ್ಟು ಸಾಕಿತ್ತು. ಇನ್ನೊಂದು ಮೇಜು ಬೇಕಾಗಬಹುದು ಎಂದು ಅಪ್ಪನಿಗೆ ಫೋನು ಮಾಡಿ ಎಚ್ಚರಿಸಿದೆ.

ಸಂಜೆ ಅಕ್ಕ ಬಾಗಿಲಲ್ಲಿ ಕಾಲಿಟ್ಟಳು. ಅವ್ವ ಅವಳ ಕೊರಳು ನೋಡಿದವಳೇ ಕೈಯಲ್ಲಿದ್ದ ಸವುಟು ಕೆಳಗಿಟ್ಟಳು. ತನ್ನ ಸೆರಗಿನೊಳಗಿಂದ ಕರಿಮಣಿ ಸರ ಹೊರಗೆ ಎಳೆದು ಅಕ್ಕನ ಸರದ ಪಕ್ಕಕ್ಕೆ ಹಿಡಿದಳು. ಎರಡು ಎಳೆ ಕಪ್ಪು, ನಡುವೆ ಬಂಗಾರ, ಕೆಳಗೆ ಎರಡು ಬಟ್ಟಲು. ಹೆಡ್‌ಲೈಟ್ ಸಮೇತ.

"ಹಲ್ಲು ಬರೂಮುಂದ ಇದನ್ನ ಕಚ್ಚಿ ಎಳದಾಡಿ ಬೆಳದೀ. ಇಪ್ಪತ್ತಾರು ವರ್ಷ ಕಣ್ಣಮುಂದ ಐತಿ. ಟ್ಯಾಕ್ಸಿ ಕಂಡಿತು, ತಾಳಿ ಕಾಣಲಿಲ್ಲಲ್ಲೋ ನಿನಗ."

ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಪೇಪರು ನಡುಗುತ್ತಿತ್ತು.

"ಯಾರಾದ್ರೂ ಸರ ಕೇಳಿದ್ರಾ?" ಎಂದೆ, ಮೇಜಿನ ಅಂಚು ಹಿಡಿದುಕೊಂಡು.

"ಸರ ಯಾರೂ ಕೇಳಲಿಲ್ಲ," ಅಕ್ಕ ಕುರ್ಚಿ ಎಳೆದು ಕೂತಳು. "ಕಾಟನ್ ಗ್ರೀನ್ ಸ್ಟೇಷನ್ ದಾಟೂದ್ರಾಗ ಡಬ್ಬಿ ತುಂಬ ಶುರುವಾತು. ಅರೇ, ಶಾದಿ ಕಬ್ ಕೀ, ಬತಾಯಾ ಭೀ ನಹೀಂ, ಲಗ್ನ ಯಾವಾಗ ಆತು, ಹೇಳೂ ಇಲ್ಲಲ್ಲ ಅಂತ. ಫೋನ್‌ನ್ಯಾಗ ಕೊರಳು ನೋಡ್ಕೊಂಡ ಮ್ಯಾಲೆ ಗೊತ್ತಾತು ನನಗ. ತೆಗಿಯೂಣು ಅಂದೆ. ಅಷ್ಟರಾಗ ಒಬ್ಬಾಕಿ ಎದ್ದು ಕಿಟಕಿ ಸೀಟ್ ಬಿಟ್ಟುಕೊಟ್ಲು."

"ಅದಕ ತೆಗೀಲಿಲ್ಲೇನು?" ಅವ್ವ ಕೇಳಿದಳು.

"ಒಂಬತ್ತು ವರ್ಷಾತವ್ವಾ ಆ ಗಾಡಿಯಾಗ. ದಿನಾ ಅದೇ ಮಾತು. ಹುಡುಗನ್ನ ನೋಡಾತೀರೇನು, ಯಾಕ ತಡಾ, ನನ್ನ ಮೈದುನನ ಗೆಳೆಯ ಒಬ್ಬಾವ ಅದಾನ. ಇವತ್ತ ಬರೂ ಮುಂದೂ ಯಾರೂ ಏನೂ ಕೇಳಲಿಲ್ಲ. ಕಿಟಕಿ ಗಾಳಿ ತಗೊಂಡು ನಿದ್ದಿ ಮಾಡಿದೆ."

ನಾನು ಇಕ್ಕಳ ಎತ್ತಿಕೊಂಡೆ. ಹಸಿರು, ಕೆಂಪು ವಾಪಸ್ ಹಾಕಿ ಸರಿಮಾಡುತ್ತೇನೆ, ಇನ್ನೊಂದು ದಿನ ಗಡುವು ಕೊಡಿ ಎಂದು ಬೇಡಿಕೊಂಡೆ. ಅಕ್ಕ ಸರದ ಮೇಲೆ ಕೈ ಇಟ್ಟುಕೊಂಡಳು.

"ಒಂದ್ ಮಣಿನೂ ಮುಟ್ಟಬ್ಯಾಡ. ಇದನ್ನ ನಾ ತಗೊಂಡೆ. ಒಬ್ಬರು ಕೇಳಿದಂಗ ಆತಿಲ್ಲೋ? ಅವ್ವಾ, ಮೇಜು ಅವನ ಕಡೇನ ಇರ್ಲಿ."

"ಲಗ್ನ ಆಗದಾಕಿ ತಾಳಿ ಹಾಕ್ಕೊಂಡು ತಿರಗ್ಯಾಡೂದು ಏನ್ ಛಂದ?" ಅವ್ವನ ದನಿ ಸಣ್ಣಗಾಗಿತ್ತು.

ಅಕ್ಕ ಸರವನ್ನು ಬೆರಳಿನಿಂದ ಎತ್ತಿ ದೀಪಕ್ಕೆ ಹಿಡಿದು ನೋಡಿದಳು. ಆಮೇಲೆ ಅವ್ವನಿಗಲ್ಲ, ನನಗೇ ಹೇಳಿದಳು.

"ತಾಳಿ ಅಲ್ಲ ಇದು. ನೀ ಮಾಡಿದ್ದು ಖರೇನ ಟ್ಯಾಕ್ಸಿನ ಐತಿ. ಖಾಲಿ ನಿಂತಿರತೈತಿ, ಆದ್ರ ಕೈ ಮಾಡಿದವರೆಲ್ಲರ ಹಿಂದ ಹೋಗೂದಿಲ್ಲ."